ಮೊರಿತಾ ಮೇಷ್ಟ್ರು ಕಲ್ಲು ಆರಿಸಲು ಬರಬೇಕಾಗಿದೆ

ವೀಸಾ ಕೊಡುವ, ಬಹುಮಟ್ಟಿಗೆ ಕೊಡದೇ ಇರುವ, ಮಾನ್ಯರೇ,

ಜಪಾನಿನ ಮೊರಿತಾ ಎಂಬ ನಿವೃತ್ತ ಶಾಲಾ ಮೇಷ್ಟ್ರನ್ನು ನಾಲ್ಕು ದಿನದ ಮಟ್ಟಿಗೆ ನಮ್ಮೂರಿಗೆ ಬರಲು ನೀವು ಬಿಡುತ್ತಿಲ್ಲ. ಅವರು ಬರಬೇಕಿರುವುದು ತೀರಿಹೋದ ಹೆಂಡತಿಯ ಸಮಾಧಿಗೆ ಒಂದು ಕಲ್ಲು ಆರಿಸಲು. ಇಷ್ಟು ಸಣ್ಣ ವಿಷಯವನ್ನು ತಿಂಗಳುಗಟ್ಟಲೆ ಎಳೆದಿರುವ ನಿಮ್ಮ ಶ್ರದ್ಧೆಗೆ ಮೊದಲೊಂದು ನಮಸ್ಕಾರ.

ನನ್ನದು ಬದನಗುಪ್ಪೆಯಲ್ಲಿ ಕರಿಕಲ್ಲಿಗೆ ಪಾಲಿಶ್ ಹಾಕುವ ಸಣ್ಣ ಶೆಡ್ಡು. ಅಂಚು ಮುರಿದ ಕಲ್ಲುಗಳನ್ನು ನೆಂಟರಿಷ್ಟರಿಗೆ ಕೊಟ್ಟುಬಿಡುತ್ತೇನೆ. ಹಾಗೆ ಕೊಟ್ಟದ್ದೊಂದು ಹಂಗಳದ ನನ್ನ ದೊಡ್ಡಮ್ಮ ಪುಟ್ಟಮಾದಮ್ಮನ ಮನೆ ಮುಂದೆ ಬಟ್ಟೆ ಒಗೆಯುವ ಕಲ್ಲಾಗಿದೆ. ಹೋದ ವರ್ಷ ಒಂದು ದಿನ, ಬಂಡೀಪುರಕ್ಕೆ ಹೊರಟಿದ್ದ ಪ್ರವಾಸಿಗರ ವ್ಯಾನು ಆ ಮನೆಯ ಎದುರೇ ಪಂಕ್ಚರ್ ಆಯಿತು. ಉಳಿದವರು ಫೋಟೋ ಹೊಡೆದುಕೊಳ್ಳುತ್ತಿದ್ದರೆ ಹಿರಿಯರೊಬ್ಬರು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಒದ್ದೆ ಕಪ್ಪನ್ನು ಸವರಿ ಕಣ್ಣೀರು ತಂದುಕೊಂಡರು. ಒಳಗೆ ಊಟಕ್ಕೆ ಕೂತಿದ್ದ ನನ್ನನ್ನು ದೊಡ್ಡಮ್ಮ ಕೂಗಿದಳು: "ಲೇ ಸ್ವಾಮಿ, ಬಾರ್ಲಾ ಇಲ್ಲಿ! ಯಾರೋ ವಯ್ಯ ನಮ್ ಬಟ್ಟೆ ಒಗಿಯೋ ಕಲ್ಗೆ ಕೈ ಮುಗಿತಾವ್ನೆ ಕಣ್ಲಾ!"

ಜೊತೆಗಿದ್ದ ಗೈಡು ವಿಷಯ ಹೇಳಿದ. ಹೆಂಡತಿಯ ಸಮಾಧಿಗೆ ಇಂಥದೇ ಕಪ್ಪನ್ನು ಅವರು ಹುಡುಕುತ್ತಿದ್ದರಂತೆ. ದೊಡ್ಡಮ್ಮ ಅವರನ್ನು ಒಳಗೆ ಕರೆದು ಮುದ್ದೆ, ಬಸ್ಸಾರು ಬಡಿಸಿದಳು. ಮೇಷ್ಟ್ರು ಮುದ್ದೆಯನ್ನು ಅಗಿಯುತ್ತಲೇ ಇದ್ದರು. "ನುಂಗಪ್ಪ, ಅಗೀಬ್ಯಾಡ!" ಎಂದು ಅವಳು ನುಂಗಿ ತೋರಿಸಿದಳು. ಅಳುತ್ತಿದ್ದ ಮನುಷ್ಯ ನಕ್ಕುಬಿಟ್ಟರು.

ನಮ್ಮ ಶೆಡ್ಡಿನಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿಯಿದೆ. ಸಮಾಧಿಯ ಕಲ್ಲನ್ನು ಮನೆಯವರೇ ಬಂದು, ತಮ್ಮ ಕೈಯಾರೆ ನೀರು ಹುಯ್ದು ಕಪ್ಪು ನೋಡಿ ಆರಿಸಬೇಕು. ನಾವು ಆರಿಸಿ ಕಳಿಸುವುದಿಲ್ಲ. ಇದನ್ನು ಕೇಳಿ ಮೇಷ್ಟ್ರು ಆಗಲೇ ಎದ್ದು ನಿಂತರು. ಆದರೆ ಗೈಡು ಎಸ್‌ಟಿಡಿ ಬೂತಿನಿಂದ ನಿಮ್ಮ ಕಚೇರಿಯನ್ನು ಕೇಳಿದ. ಉತ್ತರ ಬಂತು: ಪ್ರವಾಸಿ ವೀಸಾದವರು ವ್ಯವಹಾರ ಮಾಡುವಂತಿಲ್ಲ, ಇಬ್ಬರು ಸೇರಿ ಎತ್ತಲಾಗದ ಕಲ್ಲು ನೆನಪಿನ ಕಾಣಿಕೆ ಅಲ್ಲ! ನಿಯಮ ಮೀರದ ಮೇಷ್ಟ್ರು ತಲೆಬಾಗಿಸಿ ವ್ಯಾನು ಹತ್ತಿದರು.

ತಮ್ಮ ಊರಿಗೆ ಹೋಗಿ ವ್ಯಾಪಾರದ ವೀಸಾಕ್ಕೆ ಅರ್ಜಿ ಹಾಕಿದರು. ಕಂಪನಿ ಯಾವುದು ಎಂದಿರಿ. ಒಂದು ಕಲ್ಲು ಕೊಳ್ಳಲು ಪಾಪ, ಅವರು ಕಂಪನಿ ಕಟ್ಟಬೇಕಿತ್ತೇ? ಹಾಗಾದರೆ ನಾನೇ ಕರೆಯೋಲೆ ಬರೆಯುತ್ತೇನೆಂದು ಕೂತೆ. ಸಂಬಂಧ ಏನೆಂದು ಬರೆಯಲಿ ಎಂದು ತಡಕಾಡುವಾಗ ದೊಡ್ಡಮ್ಮ ಹೇಳಿದಳು: "ನಮ್ಮನೇಲಿ ಉಂಡವ್ನೆ. ನೆಂಟ ಅಂತ ಬರಿ, ಅದ್ಕೇನು ಯೋಚ್ನೆ?" ಬರೆದೆ. ನಮ್ಮ ಕಡೆ ಅದು ಸುಳ್ಳಲ್ಲ ಸ್ವಾಮಿ. ನೀವು ವಂಶವೃಕ್ಷ ಕೇಳಿದಿರಿ! ಹಂಗಳದ ಪುಟ್ಟಮಾದಮ್ಮನ ಬೇರು ಜಪಾನಿನವರೆಗೆ ಹೋಗಿದೆಯೇ ಎಂದು ಇಡೀ ಬೀದಿ ಹದಿನೈದು ದಿನ ನಕ್ಕಿತು.

ಗುಂಡ್ಲುಪೇಟೆಯಿಂದ ಈರುಳ್ಳಿ ಲಾರಿಗಳು ದಿನವೂ ಕೇರಳಕ್ಕೆ ಹೋಗುತ್ತವೆ. ಚೆಕ್‌ಪೋಸ್ಟಿನವರು ಲೋಡು ನೋಡುತ್ತಾರೆ, ಬಿಡುತ್ತಾರೆ. ಬಂಡೀಪುರದ ಆನೆಗಳು ಮೂರು ರಾಜ್ಯ ಸುತ್ತಿ ಬರುತ್ತವೆ. ನೋಡಲು ಹೊರಟಿರಾ, ವ್ಯಾಪಾರಕ್ಕೆ ಹೊರಟಿರಾ ಎಂದು ಅವನ್ನು ಯಾರೂ ತಡೆದದ್ದಿಲ್ಲ. ನಾಲ್ಕು ದಿನ ಇದ್ದು ಹೋಗುವ ಮನುಷ್ಯನ ಮೇಲೆ ಮಾತ್ರ ನಿಮಗೇಕಿಷ್ಟು ಅನುಮಾನ? ಆನೆ ನೋಡಲು ಬಂದವನಿಗೆ ಕಲ್ಲು ಹಿಡಿಸಬಾರದೇ? ಕಲ್ಲು ನೋಡಲು ಬಂದವನು ನಮ್ಮಲ್ಲಿ ಉಣ್ಣಬಾರದೇ?

ಆದ್ದರಿಂದ ನನ್ನ ಬೇಡಿಕೆ ಇಷ್ಟು: ಸುತ್ತಾಡಲಿಕ್ಕೋ ವ್ಯಾಪಾರಕ್ಕೋ ನಾಲ್ಕಾರು ದಿನಕ್ಕೆ ಬರುವವರಿಗೆ ವೀಸಾದ ಗೋಜೇ ಬೇಡ. ವಿಮಾನ ನಿಲ್ದಾಣದಲ್ಲೇ ಪಾಸ್‌ಪೋರ್ಟ್ ನೋಡಿ, ಮೊಹರು ಒತ್ತಿ ಒಳಗೆ ಬಿಡಿ. ಇಡೀ ಕಾನೂನು ತಿದ್ದಲು ಸಮಯ ಬೇಕೆಂದರೆ ಮೊರಿತಾ ಮೇಷ್ಟ್ರಿಂದಲೇ ಶುರು ಮಾಡಿ. ಅವರಿಗೆ ವಯಸ್ಸಾಗುತ್ತಿದೆ. ಪ್ರವಾಸವೋ ವ್ಯಾಪಾರವೋ ಎಂದು ನೀವು ಮತ್ತೆ ಕೇಳಿದ್ದೀರಿ. ಏನು ಹೇಳಲಿ ಎಂದು ಅವರು ನಮ್ಮನ್ನು ಕೇಳಿದ್ದಾರೆ. ಸಮಾಧಿ ಕಲ್ಲಿಗೆಂದು ಬಂದವರನ್ನು ನಮ್ಮ ಶೆಡ್ಡಿನಲ್ಲಿ ಕೇಳುವುದು ಒಂದೇ ಪ್ರಶ್ನೆ, ತೀರಿಹೋದವರ ಹೆಸರೇನು ಎಂದು. ನೀವು ಇನ್ನೂ ಕೇಳಿಲ್ಲ, ನಾನೇ ಹೇಳುತ್ತೇನೆ: ಅವರ ಹೆಸರು ಫುಮಿ.

ಇಂತಿ,
ಜಪಾನಿನಲ್ಲೊಬ್ಬ ನೆಂಟನನ್ನು ಪಡೆದು, ಅದನ್ನು ಸಾಬೀತು ಮಾಡಲಾಗದೆ ಕೂತಿರುವ
ಮಹದೇವಸ್ವಾಮಿ
ಬದನಗುಪ್ಪೆ, ಹೊಸ ಜಿಲ್ಲೆ ಚಾಮರಾಜನಗರ