ಬಸವಣ್ಣೆಮ್ಮನ ಜಾಗದಲ್ಲಿ ಜೋಳದ ಚೀಲ

ಕೊಪ್ಪಳ, ೧೨-೧-೧೯೩೯

ತಳಕಲ್ ಊರಿನ ಮಾವನವರಾದ ಉಮಾಪತೆಪ್ಪನವರ ಪಾದಗಳಿಗೆ ಅಳಿಯ ಕಳಕಪ್ಪನ ನಮಸ್ಕಾರಗಳು.

ನಿಮ್ಮ ಮಗಳು ಬಸವಣ್ಣೆಮ್ಮ ನನ್ನ ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನಿಂದ ಬಿದ್ದದ್ದು ನಿಜ. ಅದು ತಿಳಿಯದೆ ನಾನು ಒಂದು ಮೈಲಿ ಆಕೆಯೊಡನೆ ಮಾತಾಡುತ್ತಲೇ ಹೋದದ್ದೂ ನಿಜ. "ಇನ್ನ ಅದರ ಮ್ಯಾಲೆ ಕುಂಡ್ರಂಗಿಲ್ಲ, ನಿಮ್ಮ ಮನಿಗೂ ಬರಂಗಿಲ್ಲ" ಎಂದು ಆಕೆ ತವರು ಸೇರಿ ಎರಡು ತಿಂಗಳಾಯಿತು.

ಈಗ ಗಾಡಿಯ ಎಡಕ್ಕೆ ಒಬ್ಬರು ಕೂರುವಂಥ ಒಂಟಿ ಗಾಲಿಯ ಸೈಡ್‌ಕಾರ್ ಕಟ್ಟಿಸಿದ್ದೇನೆ. ಗಾದಿ ಇದೆ, ಹಿಡಿಯಲು ಕಂಬಿ ಇದೆ. ಆದರೆ ಕಟ್ಟಿದ ಭಾಗ್ಯನಗರದ ಮೌನೇಶಪ್ಪ ಬಂಡಿ ಮಾಡುವ ಬಡಿಗೇರ. ಎತ್ತಿಗೆ ಭಾರವಾಗಬಾರದೆಂಬ ಹಳೇ ಕರುಣೆಯಿಂದ ಬಲು ಹಗುರ ಮಾಡಿದ್ದಾನೆ. ಖಾಲಿ ಇದ್ದರೆ ಎಡ ತಿರುವಿನಲ್ಲಿ ಅದರ ಗಾಲಿ ಮೇಲೇಳುತ್ತದೆ. ಎರಡು ಸಲ ಮುಳ್ಳುಕಂಟಿ ಸೇರಿದ್ದೇನೆ. ಕೇಳಿದರೆ, "ಗಾಡಿ ಛಲೋ ಐತ್ರಿ ಧಣಿ, ಅಕ್ಕಾರು ಇಲ್ಲದ್ದ ಒಂದ ಕೊರತಿ" ಎನ್ನುತ್ತಾನೆ.

ಸದ್ಯ ಜೋಳದ ಚೀಲ ಕೂರಿಸಿಕೊಂಡು ತಿರುಗುತ್ತಿದ್ದೇನೆ. ಎಷ್ಟು ಮಾತಾಡಿದರೂ ಅದು ಒಮ್ಮೆಯೂ ಬಯ್ಯುವುದಿಲ್ಲ. ನನಗೆ ಅಷ್ಟು ಶಾಂತಿ ರೂಢಿಯಿಲ್ಲ.

ಸೋಮವಾರ ಬರುತ್ತೇನೆ. ಚೀಲ ಇಳಿಸಿಕೊಂಡು ಮಗಳನ್ನು ಹತ್ತಿಸಿ. ಆಕೆ ಒಪ್ಪದಿದ್ದರೆ ದಯವಿಟ್ಟು ಚೀಲವನ್ನಾದರೂ ಮರಳಿ ಹತ್ತಿಸಿ. ನಿಮ್ಮ ಓಣಿ ದಾಟಿದರೆ ಮೊದಲ ತಿರುವೇ ಎಡಕ್ಕಿದೆ.

ಖಾಲಿ ಮರಳಲಾಗದ ನಿಮ್ಮ ಅಳಿಯ,
ಕಳಕಪ್ಪ