ಹತ್ತೊಂಬತ್ತನೆಯ ತೊಟ್ಟಿಯ ನೀರು

ಗುರುವಾರ, ಮಧ್ಯಾಹ್ನ
ಬಲೆ ಒಣಗಿಸುವ ಕೋಣೆಯಿಂದ

ನನ್ನ ಮೊಂಡಿಗೆ,

ಅಮ್ಮನ ಪ್ರೀತಿ. ಊಟ ಸರಿಯಾಗಿ ಮಾಡುತ್ತಿದ್ದೀಯಾ ಎಂದು ಕೇಳುವುದಿಲ್ಲ. ನಿನ್ನೆಯಿಂದ ಮೂರು ಸಲ ಫೋನು ಮಾಡಿ ಅದನ್ನೇ ಕೇಳಿದ್ದೇನೆ. ಮೂರನೆಯ ಸಲ ನೀನು ‘ಏನಾಗಿದೆ ನಿಂಗೆ’ ಎಂದು ರೇಗಿದೆ. ಹೇಳಬೇಕಾದ ಮಾತು ಬಿಟ್ಟು ಏನಿಲ್ಲ ಎಂದು ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನಮ್ಮ ಮೀನುಮರಿ ಕೇಂದ್ರದ ಲಾರಿ ಚಾಲಕ ನಾಳೆ ನಿನ್ನ ಸಭೆ ನಡೆಯುವ ಊರಿಗೇ ಆಮ್ಲಜನಕದ ಸಿಲಿಂಡರು ತರಲು ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ನಿಂತುಕೊಂಡು ಓದಬೇಡ, ಕೂತು ಓದು.

ಮೊದಲು ಕೊಳದ ವಿಷಯ. ಹತ್ತೊಂಬತ್ತನೆಯ ತೊಟ್ಟಿಯ ವಂಶದ ಎರಡು ಸಾವಿರ ಮೀನುಮರಿಗಳನ್ನು ನೋಡೋಣ ಎಂದು ಮೂರು ವಾರದ ಹಿಂದೆ ಒಂದೇ ಕೊಳಕ್ಕೆ ಕೊಟ್ಟೆವಲ್ಲ, ಇಟ್ಟಿಗೆ ಗೂಡಿನ ಪಕ್ಕದ ಹೆಂಗಸಿಗೆ? ಹೋದ ವರ್ಷ ಅವಳ ಮೀನೆಲ್ಲ ನೀನು ಬೆನ್ನು ಹತ್ತಿರುವ ಈ ವೈರಸ್ಸಿಗೇ ಸತ್ತಿದ್ದವು, ಅದಕ್ಕೇ ನೀನು ಆ ಕೊಳವನ್ನು ಆರಿಸಿದ್ದು. ಮಂಗಳವಾರ ನೀನು ಹೊರಟ ಅರ್ಧ ಗಂಟೆಗೆ ಅವಳ ಫೋನು ಬಂತು. ಆಫೀಸಿನಲ್ಲಿ ಯಾರೂ ಇರಲಿಲ್ಲ, ನೆಲ ಒರೆಸುತ್ತಿದ್ದ ನಾನೇ ಎತ್ತಿದೆ. ‘ಅಕ್ಕಾ, ಮರಿಗಳು ಮೇಲೆ ಬಂದು ಬಾಯಿ ಬಿಡ್ತಿವೆ, ಕಿವಿರೆಲ್ಲ ಬಿಳಚಿಕೊಂಡಿದೆ. ಇವಕ್ಕೆ ಆ ರೋಗ ತಟ್ಟಲ್ಲ ಅಂತ ಮೇಡಮ್ಮು ಹೇಳಿದ್ರಲ್ಲ’ ಎಂದಳು. ತಿಳಿಸುತ್ತೇನೆ ಎಂದೆ. ತಿಳಿಸಲಿಲ್ಲ. ನಿನ್ನೆ ಮತ್ತೆ ಮಾಡಿದಳು. ಸತ್ತ ಮರಿಗಳನ್ನು ಬುಟ್ಟಿಗಟ್ಟಲೆ ಎತ್ತಿ ಹೂಳುತ್ತಿದ್ದಾಳಂತೆ. ಬೈಯಲೂ ಇಲ್ಲ ಆ ಪುಣ್ಯಾತ್ಗಿತ್ತಿ, ಏನು ಮಾಡಲಿ ಎಂದಷ್ಟೇ ಕೇಳಿದಳು.

ಸೋಮವಾರ ಬೆಳಿಗ್ಗೆ ಇದೇ ವಂಶದ ಮರಿಗಳು ನಲವತ್ತು ಕೊಳಗಳಿಗೆ ಹೊರಡುತ್ತವೆ. ಮರಿ ತುಂಬುವ ಚೀಲಗಳು ಬಂದಿಳಿದಿವೆ, ಕೊಳಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದಾರೆ. ಅವು ಹೊರಡಬಾರದು, ಮಗಳೇ. ಹತ್ತೊಂಬತ್ತರ ರಕ್ತದಲ್ಲಿ ನೀನಂದುಕೊಂಡ ಗುಣ ಇಲ್ಲ. ಹೋದ ವರ್ಷ ಆ ತೊಟ್ಟಿಯವು ಬದುಕಿದ್ದು ನನ್ನಿಂದ.

ಬಿಸಿನೀರಿನ ನಲ್ಲಿ ತಾನಾಗಿ ಸೋರಿತು ಎಂದು ಬರೆಯೋಣ ಅಂತ ಮೊದಲು ಒಂದು ಹಾಳೆ ಬರೆದೆ. ಹರಿದು ಹಾಕಿದೆ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಇಪ್ಪತ್ತನಾಲ್ಕು ತಾಯಿ ಮೀನುಗಳು, ಇಪ್ಪತ್ತನಾಲ್ಕು ವಂಶ. ಪ್ರತಿ ವಂಶದಲ್ಲಿ ಅರ್ಧ ಮಕ್ಕಳನ್ನು ನೀನು ರೋಗವಿಲ್ಲದ ಕೋಣೆಯಲ್ಲಿ ಇಟ್ಟೆ, ಉಳಿದರ್ಧವನ್ನು ರೋಗದ ಕೋಣೆಯ ತೊಟ್ಟಿಗೆ ಬಿಟ್ಟು ವೈರಸ್ ಕೊಟ್ಟೆ. ಯಾವ ತೊಟ್ಟಿಯವು ಬದುಕುತ್ತವೋ ಅವುಗಳ ಒಡಹುಟ್ಟಿದವೇ ಮುಂದೆ ಮರಿ ಹಾಕಬೇಕು, ಹುಟ್ಟಿನಿಂದ ಬಂದ ಶಕ್ತಿ ಹಾಗೇ ಕೆಳಗಿಳಿಯುತ್ತದೆ ಎಂದು ನೀನೇ ಹೇಳಿದ್ದೆ. ಎಲ್ಲ ತೊಟ್ಟಿಯ ನೀರೂ ಇಪ್ಪತ್ತೆರಡು ಡಿಗ್ರಿ ಇರಬೇಕು, ಒಂದು ಹೆಚ್ಚೂ ಕೂಡದು ಒಂದು ಕಡಿಮೆಯೂ ಕೂಡದು ಎಂದಿದ್ದೆ. ವಂಶಕ್ಕೆ ಎರಡೆರಡು ತೊಟ್ಟಿ ಬೇಕೆಂದು ನೀನು ಕೇಳಿದಾಗ ನಮ್ಮ ನಿರ್ದೇಶಕರು ಜಾಗ ಇಲ್ಲ ಎಂದರು. ಎರಡಿದ್ದಿದ್ದರೆ ಒಂದು ಬದುಕಿ ಇನ್ನೊಂದು ಸತ್ತು ನನ್ನ ಕಳ್ಳತನ ಆಗಲೇ ಸಿಕ್ಕಿಬೀಳುತ್ತಿತ್ತು.

ಹತ್ತೊಂಬತ್ತು ಇರುವುದು ಮೂಲೆಯಲ್ಲಿ. ಅದರ ತಲೆಯ ಮೇಲೇ ತೊಳೆಯುವ ಬಿಸಿನೀರಿನ ಕೊಳವೆ ಹಾದುಹೋಗುತ್ತದೆ. ವೈರಸ್ ಕೊಟ್ಟ ಐದನೆಯ ದಿನ ನೋಡಿದರೆ ಮೀನುಗಳೆಲ್ಲ ಆ ಕೊಳವೆಯ ಕಡೆಗೇ ಮುಖ ಮಾಡಿ ಗೋಡೆಗೆ ಒತ್ತಿಕೊಂಡಿದ್ದವು. ನೀನೇ ಒಂದು ದಿನ ಪಾತ್ರೆ ತೊಳೆಯುತ್ತ ನನಗೆ ಹೇಳಿಕೊಟ್ಟಿದ್ದೆ. ನಮಗೆ ಕಾಯಿಲೆ ಬಂದರೆ ಮೈ ತಾನೇ ಬಿಸಿಯಾಗುತ್ತದೆ, ಮೀನಿನ ಮೈಗೆ ಅದು ಬಾರದು, ಅದು ಬೆಚ್ಚಗಿನ ನೀರು ಹುಡುಕಿಕೊಂಡು ಹೋಗಬೇಕು. ನೀರು ಮೂವತ್ತಕ್ಕೆ ಬಂದರೆ ಈ ವೈರಸ್ ಬೆಳೆಯುವುದು ನಿಲ್ಲುತ್ತದೆ, ಮೈಯೊಳಗಿನ ಕಾವಲು ಬೇಗ ಎದ್ದು ನಿಲ್ಲುತ್ತದೆ ಎಂದಿದ್ದೆ. ನಾನು ಬಿಸಿನೀರು ತೊಟ್ಟಿಗೆ ಇಳಿಯುವ ಹಾಗೆ ಕೊಳವೆಯ ನಲ್ಲಿಯನ್ನು ಕಾಲು ಸುತ್ತು ತಿರುಗಿಸಿದೆ. ಹದಿನೆಂಟು ದಿನ ಹಾಗೇ ಬಿಟ್ಟೆ. ಬೆಳಿಗ್ಗೆಗೊಂದು ಸಂಜೆಗೊಂದು ಎಂದು ಉಷ್ಣತೆ ಬರೆಯುವ ಪುಸ್ತಕ ನನ್ನ ಕೈಯಲ್ಲೇ ಇತ್ತು. ಪ್ರತಿ ಸಲವೂ ಇಪ್ಪತ್ತೆರಡು ಎಂದೇ ಬರೆದೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ಪಾಪ ಅನ್ನಿಸಿತು, ಅದಕ್ಕೆ ಮಾಡಿದೆ ಎಂದರೆ ಅರ್ಧ ಸತ್ಯ. ಹಾಗಾದರೆ ಉಳಿದ ಇಪ್ಪತ್ಮೂರು ತೊಟ್ಟಿಯವು ಪಾಪ ಅಲ್ಲವೇ? ಆ ವಾರ ನಿರ್ದೇಶಕರು ಬಾಗಿಲ ಬಳಿ ಯಾರಿಗೋ ಹೇಳುತ್ತಿದ್ದರು, ಈ ಸಲವೂ ಎಲ್ಲ ವಂಶ ಸತ್ತರೆ ಈ ಕೆಲಸ ಮುಚ್ಚೋಣ, ಆ ಹುಡುಗಿಯನ್ನೂ ಕಳಿಸೋಣ ಎಂದು. ಎರಡು ವರ್ಷ ನೀನು ಸತ್ತ ಮೀನು ಎಣಿಸಿ ಎಣಿಸಿ ಅರ್ಧ ಆಗಿದ್ದೆ. ಊಟಕ್ಕೆ ಕೂತರೂ ತಟ್ಟೆಯಲ್ಲಿ ಬೆರಳಿನಿಂದ ಲೆಕ್ಕ ಬರೆಯುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನನ್ನದು ಹೆಗ್ಗಣವೂ ಅಲ್ಲ, ಓದಿ ಮುಂದೆ ಬಂದ ಮಗು. ಒಂದು ತೊಟ್ಟಿ ಬದುಕಿದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡೆ. ಹೋದದ್ದು ಇಟ್ಟಿಗೆ ಗೂಡಿನ ಪಕ್ಕದವಳದ್ದು.

ಆಮೇಲೆ ಹತ್ತೊಂಬತ್ತು ಬದುಕಿತು ಎಂದು ನೀನು ಕುಣಿದುಕೊಂಡು ಬಂದು ನನ್ನನ್ನು ತಬ್ಬಿಕೊಂಡೆ. ನಾನು ಒದ್ದೆ ಕೈಯಲ್ಲಿ ನಿಂತಿದ್ದೆ, ಆಗ ಬಾಯಿ ಬಿಡಲಾಗಲಿಲ್ಲ. ಒಂದು ದಿನ ತಡವಾದರೆ ಮಾರನೆಯ ದಿನ ಇನ್ನೂ ಕಷ್ಟ, ಹೀಗೇ ವರ್ಷ ಕಳೆಯಿತು. ಹತ್ತೊಂಬತ್ತು ಎಂದು ಯಾರಾದರೂ ಅಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅವುಗಳಿಗೆ ನಿಜವಾಗಿಯೂ ಶಕ್ತಿ ಇದ್ದರೂ ಇರಬಹುದು ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡೆ. ಫೋನು ಬಂದ ಮೇಲೆ ಅದೂ ಹೋಯಿತು. ಕೊಳಕ್ಕೆ ಬಿಸಿನೀರಿನ ಕೊಳವೆ ಎಲ್ಲಿಂದ ತರಲಿ?

ಇವತ್ತು ಬೆಳಿಗ್ಗೆ ನಿರ್ದೇಶಕರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಪುಸ್ತಕ ತರಿಸಿ ನನ್ನ ಮುಂದೆ ತೆರೆದಿಟ್ಟರು. ‘ನಿಮ್ಮ ಕೈಬರಹದಲ್ಲೇ ಇಪ್ಪತ್ತೆರಡು ಅಂತಿದೆಯಲ್ಲಮ್ಮ. ವಯಸ್ಸಾಯ್ತು, ಏನೇನೋ ಅನ್ನಿಸುತ್ತೆ. ಎರಡು ದಿನ ರಜ ತಗೊಳ್ಳಿ’ ಎಂದರು. ಆ ಕೊಳದ ನೀರು ಕೆಟ್ಟಿರಬೇಕು ಎಂದರು. ಸುಳ್ಳು ಬರೆದೆ ಎಂದರೆ ಈಗ ಹೇಳುತ್ತಿರುವುದು ಸುಳ್ಳಲ್ಲ ಅಂತ ಹೇಗೆ ನಂಬಲಿ ಎಂದರು. ತೊಟ್ಟಿ ತೊಳೆಯುವವಳ ಮಾತು ಕೇಳಿ ಲಾರಿ ನಿಲ್ಲಿಸಲಾಗದು, ತಳಿ ಮಾಡಿದವರು ಬರೆದುಕೊಟ್ಟರೆ ಮಾತ್ರ ಎಂದು ಕಳಿಸಿದರು.

ಅಂದರೆ ನೀನು. ನಿನಗೆ ಏನೂ ಗೊತ್ತಿರಲಿಲ್ಲ, ನೀನು ಹೆದರಬೇಕಾದ್ದಿಲ್ಲ. ನಮ್ಮಮ್ಮ ಮೋಸ ಮಾಡಿದಳು ಎಂದೇ ಬರೆ. ನನ್ನನ್ನು ಕೆಲಸದಿಂದ ತೆಗೆದರೆ ತೆಗೆಯಲಿ, ಮೊಣಕಾಲಿಗೂ ಬಿಡುವು ಸಿಗುತ್ತದೆ. ನಿನ್ನ ಮೂರು ವರ್ಷ ಹಾಳು ಮಾಡಿದೆ. ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತೇನೆ. ನೀನು ಮಾತು ಬಿಟ್ಟರೂ ತಡೆದುಕೊಳ್ಳುತ್ತೇನೆ. ಸೋಮವಾರ ಆ ಲಾರಿಗಳು ಹೊರಡುವುದನ್ನು ನೋಡುತ್ತ ನಿಲ್ಲಲಾರೆ.

ನಿನ್ನ ದಾರಿ ನೋಡುತ್ತಿರುವ,
ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನಗೆ ಏನೂ ಗೊತ್ತಿರಲಿಲ್ಲ ಎಂದು ಮೇಲೆ ಬರೆದಿದ್ದೇನೆ. ನಿರ್ದೇಶಕರು ಎರಡು ಸಲ ಕೇಳಿದಾಗಲೂ ಹಾಗೇ ಹೇಳಿದೆ. ಹನ್ನೊಂದನೆಯ ದಿನ ನೀನು ಒಬ್ಬಳೇ ರೋಗದ ಕೋಣೆಗೆ ಬಂದಿದ್ದೆ. ಹತ್ತೊಂಬತ್ತರ ನೀರಿನಲ್ಲಿ ಕೈ ಇಟ್ಟೆ, ಸುಮಾರು ಹೊತ್ತು ಇಟ್ಟೆ. ತಲೆಯೆತ್ತಿ ಕೊಳವೆ ನೋಡಿದೆ. ಆಮೇಲೆ ಕೈ ಒರೆಸಿಕೊಂಡು, ಪುಸ್ತಕದಲ್ಲಿ ನನ್ನ ಇಪ್ಪತ್ತೆರಡರ ಪಕ್ಕ ನಿನ್ನ ಸಹಿ ಹಾಕಿ ಹೋದೆ. ನಾನು ಬಕೆಟ್ಟು ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ಇದನ್ನು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಹೇಳಿದರೆ ನೀನೇ ಹೇಳಬೇಕು, ಸೋಮವಾರಕ್ಕೆ ಮೊದಲು.