ಚಪ್ಪಾಳೆ ಬೇಗ ಆಯ್ತಂತೆ

ಮಾನ್ಯ ಟೀಚರ್ ಅವರಿಗೆ,

ಏಳನೇ ತರಗತಿಯಿಂದ ಇವತ್ತು ಭಾಷಣ ಮಾಡುವ ಹುಡುಗಿಯ ಅಪ್ಪ, ದರ್ಜಿ, ಬರೆಯುತ್ತಿದ್ದೇನೆ.

ಮಧ್ಯಾಹ್ನ ಅವಳು ಮುಗಿಸಿದಾಗ ನೀವು, "ಇನ್ನೂ ಚೆನ್ನಾಗಿ ಮಾಡಬಹುದಿತ್ತು" ಅನ್ನುತ್ತೀರಿ. ನಿಮಗದು ಮೊದಲ ಸಲ. ನನಗೆ ಲೆಕ್ಕವೇ ತಪ್ಪಿದೆ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಅವಳು ನನ್ನ ಅಂಗಡಿಗೆ ಓಡಿ, ಅಲ್ಲಿಯ ಪರದೆ ಸರಿಸಿ ಇದೇ ದಿನದ ಬೆಳಗಿಗೆ ವಾಪಸ್ ಹೋಗುತ್ತಾಳೆ. ಒಬ್ಬಳೇ ಹೋಗಲು ಭಯವಂತೆ, ನನ್ನನ್ನೂ ಎಳೆಯುತ್ತಾಳೆ. ನಾನು ಹೊಲಿದು ಮುಗಿಸಿದ ಕೋಟು ಮತ್ತೆ ಕತ್ತರಿ ಕಾಣದ ಬಟ್ಟೆಯಾಗಿ ಮೇಜಿನ ಮೇಲೆ ಬಿದ್ದಿರುತ್ತದೆ.

ಕಳೆದ ಸಲ ಒಂದಕ್ಷರ ತಪ್ಪಲಿಲ್ಲ, ನೀವೂ ಹೊಗಳಿದಿರಿ. ಸದ್ಯ ಮುಗಿಯಿತು ಅಂದುಕೊಂಡೆ. "ಅಪ್ಪಾ, ನೀನು ಚಪ್ಪಾಳೆ ತಟ್ಟಿದ್ದು ಬೇಗ ಆಯ್ತು, ನಡಿ" ಅಂದಳು!

ನಾಳೆ ಅವಳ ಅಮ್ಮ ಆಸ್ಪತ್ರೆಯಿಂದ ಮನೆಗೆ ಬರಬೇಕು. ಆ ನಾಳೆಯೇ ಬರುತ್ತಿಲ್ಲ. "ಅಮ್ಮನಿಗೆ ಹೇಳುವಾಗ ಒಂದು ತಪ್ಪೂ ಇರಬಾರದು" ಅನ್ನುತ್ತಾಳೆ.

ಮೊಟ್ಟಮೊದಲ ಸಲ ಅವಳು ಅರ್ಧದಲ್ಲಿ ಮರೆತು, ಜನರ ನಡುವೆ ನನ್ನನ್ನು ಹುಡುಕಿ, ನಕ್ಕಿದ್ದಳು. ನನಗೆ ಹಿಡಿಸಿದ್ದು ಅದು. ಅವಳಿಗೆ ಹಾಗೆ ಹೇಳಿದರೆ, "ನೀನು ಅಪ್ಪ, ಹಾಗೇ ಅಂತೀಯ" ಅನ್ನುತ್ತಾಳೆ. ಇವತ್ತು ಎಲ್ಲಾದರೂ ತಡವರಿಸಿದರೆ, ದಯವಿಟ್ಟು ನೀವು ಅದನ್ನೇ ಮೆಚ್ಚಿಕೊಳ್ಳಿ. ಅವಳಮ್ಮನೂ ಅದನ್ನೇ ಮೆಚ್ಚುತ್ತಾಳೆ, ಮಗಳು ಆ ನಾಳೆಯನ್ನು ಬರಲು ಬಿಟ್ಟರೆ.

ಅದೇ ಕೋಟಿಗೆ ಮತ್ತೆ ಕತ್ತರಿ ಹಿಡಿದಿರುವ,
ಅವಳ ಅಪ್ಪ